ಕಲೆಯೂ ಕುಳಿಯೂ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಜನ ಹೋಗುವುದು ಬೇಡಿಕೊಳ್ಳಲಿಕ್ಕೆ. ಅಲ್ಲಿನ ಚಿಕ್ಕ ಕೊಳದ ಮುಂದೆ ನಿಂತು ಮನಸ್ಸಿನಲ್ಲಿರುವುದನ್ನು ಗಂಗೆಗೆ ಹೇಳಿಕೊಂಡರೆ ನೀರಿನೊಳಗಿಂದ ಹಣ್ಣೋ ಕಾಯೋ ವೀಳ್ಯದೆಲೆಯೋ ಮೇಲೆ ಬರುತ್ತದೆ, ಅದೇ ಉತ್ತರ ಎಂಬುದು ನಂಬಿಕೆ. ಮಕ್ಕಳಿಲ್ಲದವರು, ಮನೆಯಲ್ಲಿ ಮದುವೆ ಕೂಡಿಬರದವರು ದೂರದೂರದಿಂದ ಬರುತ್ತಾರೆ. ಈ ನಂಬಿಕೆಯನ್ನು ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮ ಉದ್ದೇಶವಲ್ಲ. ನಾವು ಗಮನಿಸಿದ್ದು ಇಷ್ಟು: ಆ ಕೊಳದ ಮುಂದೆ ನಿಂತವರಿಗೆ ಬೇಡಿದ್ದು ಸಿಗದೆಯೂ ಇರಬಹುದೆಂಬುದು ಗೊತ್ತಿರುತ್ತದೆ. 'ಇಲ್ಲ' ಎಂಬ ಉತ್ತರಕ್ಕೂ ಅಲ್ಲಿ ಜಾಗವಿದೆ. ಆದರೆ ಇಂಥ ಊರುಗಳ ಜಾತ್ರೆಯಂಗಡಿಗಳಲ್ಲಿ ಬಳೆ, ಟಿಕಳಿ, ಪ್ಲಾಸ್ಟಿಕ್ ಆಟಿಕೆಗಳ ನಡುವೆ ಸರಮಾಲೆಯಾಗಿ ತೂಗಾಡುವ ಮುಖದ ಕ್ರೀಮಿನ ಪೊಟ್ಟಣಗಳಿವೆಯಲ್ಲ, ಅವು ಮಾತ್ರ ಯಾರಿಗೂ ಇಲ್ಲ ಎನ್ನುವುದಿಲ್ಲ. ಹದಿನಾಲ್ಕು ದಿನ, ಹೆಚ್ಚೆಂದರೆ ಆರು ವಾರ. ಮೊಡವೆ ಹೋಗುತ್ತದೆ, ಕಲೆ ಮಾಯವಾಗುತ್ತದೆ, ಮುಖ ಬೆಳಗುತ್ತದೆ. ದೇವರೂ ಕೊಡಲು ಹಿಂದೆಮುಂದೆ ನೋಡುವ ಭರವಸೆಯನ್ನು ಹತ್ತು ರೂಪಾಯಿಯ ಪೊಟ್ಟಣ ಕೊಡುತ್ತಿದೆ.

ಈ ಭರವಸೆ ನಿಂತಿರುವುದು ಒಂದು ಪದದ ಮೇಲೆ. ಆ ಪದ 'ಕಲೆ'. ಮೊಡವೆ ಒಣಗಿದ ಮೇಲೆ ಮುಖದಲ್ಲಿ ಉಳಿಯುವುದನ್ನೆಲ್ಲ ನಾವು ಕಲೆ ಎಂದೇ ಕರೆಯುತ್ತೇವೆ. ಆದರೆ ಉಳಿಯುವುದು ಎರಡು ಬೇರೆ ಬೇರೆ ವಸ್ತುಗಳು. ಒಂದು ಬಣ್ಣದ ಗುರುತು. ಮೊಡವೆಯ ಉರಿಯೂತದಿಂದಾಗಿ ಆ ಜಾಗದಲ್ಲಿ ಬಣ್ಣದ ಕಣಗಳು ಹೆಚ್ಚಾಗಿ ಕಂದು ಅಥವಾ ಕಪ್ಪು ಚುಕ್ಕೆ ನಿಲ್ಲುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇದು ಬಹಳ ಸಾಮಾನ್ಯ. ಬೆರಳಿಟ್ಟು ಸವರಿದರೆ ಚರ್ಮ ನುಣ್ಣಗೇ ಇರುತ್ತದೆ. ಬಿಸಿಲಿನಿಂದ ಕಾಪಾಡಿಕೊಂಡು, ಚಿವುಟದೆ ಬಿಟ್ಟರೆ ಇದರ ಬಹುಪಾಲು ಕೆಲವು ತಿಂಗಳಲ್ಲಿ, ಕೆಲವರಿಗೆ ವರ್ಷದ ಮೇಲೆ, ತಾನಾಗಿಯೇ ಮಾಸುತ್ತದೆ. ಇನ್ನೊಂದು ಕುಳಿ. ಮೊಡವೆ ಆಳಕ್ಕಿಳಿದು ಕೀವಾಗಿ ಚರ್ಮದ ಒಳಪದರದ ಕೊಲಾಜೆನ್ ಎಂಬ ನಾರನ್ನು ನಾಶಮಾಡಿದಾಗ ಮೇಲಿನ ಚರ್ಮ ಕುಸಿದು ತಗ್ಗಾಗುತ್ತದೆ. ಬೆರಳಿಗೆ ತಾಗುತ್ತದೆ. ಪಕ್ಕದಿಂದ ಬೆಳಕು ಬಿದ್ದರೆ ನೆರಳು ಮಾಡುತ್ತದೆ. ಇದು ತಾನಾಗಿ ಹೋಗುವುದಿಲ್ಲ, ಮೇಲೆ ಹಚ್ಚುವ ಯಾವ ಕ್ರೀಮಿನಿಂದಲೂ ತುಂಬಿಕೊಳ್ಳುವುದಿಲ್ಲ.

ಜಾಹೀರಾತಿನ ಜಾಣತನವಿರುವುದು ಇಲ್ಲೇ. ತಾನಾಗಿ ಮಾಸುವ ಕಲೆಗೆ ಕ್ರೀಮು ಹಚ್ಚಿಸಿ, ಮಾಸಿದ ಮೇಲೆ ಕೀರ್ತಿಯನ್ನು ಕ್ರೀಮಿಗೆ ಕೊಡುತ್ತದೆ. ಮಾಸದ ಕುಳಿಯವರಿಗೂ ಅದೇ ಕ್ರೀಮನ್ನು ಮಾರುತ್ತದೆ, ಯಾಕೆಂದರೆ ಪೊಟ್ಟಣದ ಮೇಲೆ ಬರೆದಿರುವುದು 'ಕಲೆ' ಎಂದು ತಾನೆ. ವಾಸಿಯಾಗದಿದ್ದರೆ ತಪ್ಪು ಕೊಂಡವಳದ್ದು: ಸರಿಯಾಗಿ ಹಚ್ಚಲಿಲ್ಲ, ಬಿಸಿಲಿಗೆ ಹೋದಳು, ನಡುವೆ ಬಿಟ್ಟಳು. 'ಮೊದಲು' ಮತ್ತು 'ನಂತರ' ಎಂಬ ಎರಡು ಫೋಟೋಗಳನ್ನು ಓದುಗರು ಒಮ್ಮೆ ನಿಧಾನವಾಗಿ ನೋಡಬೇಕು. ಮೊದಲನೆಯದರಲ್ಲಿ ಬೆಳಕು ಪಕ್ಕದಿಂದ, ಎರಡನೆಯದರಲ್ಲಿ ನೇರ ಮುಖದ ಮೇಲೆ. ಕುಳಿಯನ್ನು ಕಾಣಿಸುವುದು ನೆರಳು. ನೆರಳು ಹೋದರೆ ಕುಳಿಯೂ ಹೋದಂತೆ. ಹಾಗೆಯೇ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನೂ ಓದಬೇಕು. ಅಲ್ಲಿ 'ಕಲೆಯನ್ನು ಗುಣಪಡಿಸುತ್ತದೆ' ಎಂದಿರುವುದಿಲ್ಲ, 'ಕಲೆಯ ನೋಟವನ್ನು ಕಡಿಮೆ ಮಾಡುತ್ತದೆ' ಎಂದಿರುತ್ತದೆ. 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯ ಪ್ರಕಾರ ರೋಗವನ್ನು ಗುಣಪಡಿಸುವುದು ಔಷಧ, ಅಂದಚಂದಕ್ಕಾಗಿ ಹಚ್ಚುವುದು ಪ್ರಸಾಧನ. ಗುಣಪಡಿಸುತ್ತೇನೆ ಎಂದರೆ ಔಷಧದ ಕಟ್ಟುಪಾಡುಗಳಿಗೆ ಒಳಗಾಗಬೇಕು. ಆದ್ದರಿಂದ ಮುಂದೆ ನಟಿಯ ಮುಖ, ಹಿಂದೆ 'ನೋಟ' ಎಂಬ ಪದ.

ನಮ್ಮ ದಖನಿ ಮನೆಮಾತಿನಲ್ಲೂ ಪರಿಸ್ಥಿತಿ ಬೇರೆಯಲ್ಲ. ಅಲ್ಲಿ 'ದಾಗ್' ಎಂಬುದು ಬಟ್ಟೆಗಂಟಿದ ಕರೆಗೂ ಸಲ್ಲುತ್ತದೆ, ಮುಖದ ಮೇಲಿನ ಗುರುತಿಗೂ, ಮನೆತನದ ಮರ್ಯಾದೆಗೆ ತಗಲಿದ ಮಾತಿಗೂ. ಉರ್ದು ಕಾವ್ಯದಲ್ಲಾದರೋ ದಾಗ್ ಎಂದರೆ ಎದೆಯ ಗಾಯ, ಹೆಮ್ಮೆಯಿಂದ ತೋರಿಸಿಕೊಳ್ಳುವಂಥದ್ದು. 1905ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡ ದೆಹಲಿಯ ದೊಡ್ಡ ಕವಿ ಅದನ್ನೇ ತನ್ನ ಕಾವ್ಯನಾಮವನ್ನಾಗಿ ಮಾಡಿಕೊಂಡು ದಾಗ್ ದೆಹಲ್ವಿ ಎನಿಸಿಕೊಂಡ. ಮಾರುಕಟ್ಟೆಗೂ ಕಲೆಯ ಬಗ್ಗೆ ಒಂದೇ ನಿಲುವೇನಿಲ್ಲ. ಬಟ್ಟೆಯ ಕಲೆ ಒಳ್ಳೆಯದು ಎಂದು 2000ದ ದಶಕದಿಂದ ಸಾರುತ್ತ ಬಂದ ಬಟ್ಟೆಪುಡಿಯೂ, 1975ರಿಂದ 'ಫೇರ್ ಅಂಡ್ ಲವ್ಲಿ' ಎಂದು ಮಾರಾಟವಾಗುತ್ತಿದ್ದ ಕ್ರೀಮೂ ಒಂದೇ ಕಂಪೆನಿಯವು. ಮಗು ಕೆಸರಿನಲ್ಲಿ ಬಿದ್ದರೆ ಕಲೆ ಗುಣ, ಅದೇ ಮಗು ಹದಿನಾರಕ್ಕೆ ಬಂದಾಗ ಕಲೆ ದೋಷ. ಆ ಕ್ರೀಮಿನ ಹೆಸರು 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಮೈಬಣ್ಣ ಬಿಳಿ ಮಾಡುತ್ತೇವೆಂಬ ಔಷಧಗಳ ಜಾಹೀರಾತನ್ನೂ ನಿಷೇಧದ ಪಟ್ಟಿಗೆ ಸೇರಿಸುವ ಕರಡನ್ನು ಹೊರಡಿಸಿತ್ತು. ಬಿಳುಪು ಎಂಬ ಪದ ಸಂಕಟಕ್ಕೆ ಸಿಕ್ಕಿಕೊಂಡಾಗ ಹೊಳಪು ಎಂಬ ಪದ ಬಂದು ಕೂತಿತು. ಕಲೆ ಎಂಬ ಪದಕ್ಕೆ ಮಾತ್ರ ಇನ್ನೂ ಯಾರೂ ಕೈ ಹಚ್ಚಿಲ್ಲ.

ಬಣ್ಣದ ಗುರುತು ಬೇರೆ, ಕುಳಿ ಬೇರೆ ಎಂಬುದು ಹೊಸ ಸಂಶೋಧನೆಯೇ ಎಂದರೆ ಅಲ್ಲ. ಸಾವಿರದ ನೂರು ವರ್ಷಗಳ ಹಿಂದೆ ರೈ ಮತ್ತು ಬಾಗ್ದಾದಿನಲ್ಲಿ ಆಸ್ಪತ್ರೆ ನಡೆಸಿದ ಅಬೂಬಕರ್ ಅಲ್-ರಾಝಿ ಸಿಡುಬು ಮತ್ತು ದಡಾರಗಳ ಕುರಿತು ಬರೆದ ಪುಸ್ತಕ ವೈದ್ಯಚರಿತ್ರೆಯಲ್ಲಿ ಪ್ರಸಿದ್ಧ. ಎರಡು ರೋಗಗಳನ್ನು ಬೇರ್ಪಡಿಸಿ ತೋರಿಸಿದ್ದಕ್ಕಾಗಿ ಅದನ್ನು ಹೊಗಳುತ್ತಾರೆ. ನಮಗೆ ಇಲ್ಲಿ ಮುಖ್ಯವಾದದ್ದು ಅದರ ಕೊನೆಯ ಭಾಗ. ರೋಗ ವಾಸಿಯಾದ ಮೇಲೆ ಉಳಿಯುವ ಗುರುತುಗಳಿಗೆ ರಾಝಿ ಲೇಪಗಳನ್ನು ಹೇಳುತ್ತಾರೆ. ಕುಳಿಗಳ ಮಾತು ಬಂದಾಗ ಮಾತ್ರ ಸಲಹೆ ಬೇರೆಯಾಗುತ್ತದೆ: ರೋಗಿ ಮೈ ತುಂಬಿಕೊಳ್ಳಬೇಕು, ಆಗಾಗ ಸ್ನಾನ ಮಾಡಿ ಮೈ ತಿಕ್ಕಿಸಿಕೊಳ್ಳಬೇಕು. ತಗ್ಗು ತುಂಬಬೇಕಾದರೆ ಒಳಗಿನಿಂದ ತುಂಬಬೇಕೆಂಬ ತರ್ಕ ಅದು. ಫಲ ಎಷ್ಟು ಸಿಕ್ಕಿತೋ, ತರ್ಕ ಮಾತ್ರ ಇಂದಿನ ಜಾಹೀರಾತಿಗಿಂತ ನೇರವಾಗಿದೆ.

ನಮ್ಮ ಹಿರಿಯರಿಗೂ ಈ ಭೇದ ಗೊತ್ತಿತ್ತು. ಸಿಡುಬನ್ನು ಮೈಲಿ ಎಂದೂ ಅಮ್ಮ ಎಂದೂ ಕರೆಯುತ್ತಿದ್ದ ಕಾಲದಲ್ಲಿ ಕುಳಿಬಿದ್ದ ಮುಖಗಳು ಪ್ರತಿ ಊರಿನಲ್ಲೂ ಇದ್ದವು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಬರೆದದ್ದೆಂದು ಹೇಳಲಾಗುವ, ಮೈಸೂರಿನ ಅರಮನೆಯ ಮೂವರು ಹೆಂಗಸರ ಒಂದು ಚಿತ್ರವಿದೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದದ ಪ್ರಕಾರ ಅದು ಸಿಡುಬಿನ ಲಸಿಕೆಯನ್ನು ಜನರಿಗೆ ಒಪ್ಪಿಸಲು ಬರೆಸಿದ ಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ತೋಳಿನ ಸೆರಗನ್ನು ಸರಿಸಿ ಲಸಿಕೆ ಹಾಕಿದ ಜಾಗ ತೋರಿಸುತ್ತಿದ್ದಾರೆ. ಎಡಬದಿಯ ಇನ್ನೊಬ್ಬ ರಾಣಿಯ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದ ಗುರುತಿದೆ, ಅದು ಹಳೆಯ ಪದ್ಧತಿಯಲ್ಲಿ ಸಿಡುಬಿನ ಪುಡಿಯನ್ನು ಮೂಗಿಗೇರಿಸಿದ್ದರ ಫಲ. ಈ ವಾದವನ್ನು ಒಪ್ಪಿದರೆ ಒಂದು ವಿಷಯ ಹೊಳೆಯುತ್ತದೆ. ರಾಣಿಯ ಮುಖದ ಗುರುತನ್ನು ಚಿತ್ರಕಾರ ಅಳಿಸಲಿಲ್ಲ, ಅಳಿಸು ಎಂದು ಅರಮನೆಯೂ ಹೇಳಲಿಲ್ಲ. ಇವತ್ತು ಕಾಲೇಜಿನ ಗುರುತಿನ ಚೀಟಿಗೆ ಫೋಟೋ ತೆಗೆಯುವ ಹುಡುಗನೂ ಕೇಳದೆಯೇ ಮುಖವನ್ನು ನುಣುಪು ಮಾಡಿ ಕೊಡುತ್ತಾನೆ.

ಹಾಗಾದರೆ ಕುಳಿಗೆ ಚಿಕಿತ್ಸೆಯೇ ಇಲ್ಲವೇ? ಇದೆ. ಅದು ಇರುವುದರಿಂದಲೇ ಈ ಲೇಖನ ಬರೆಯಬೇಕಾಯಿತು. ಇಲ್ಲದಿದ್ದರೆ, ಮುಖವಲ್ಲ ಮನಸ್ಸು ಮುಖ್ಯ ಎಂದು ಉಪದೇಶ ಮಾಡಿ ಸುಮ್ಮನಾಗಬಹುದಿತ್ತು. ಆ ಉಪದೇಶವನ್ನು ಹೆಚ್ಚಾಗಿ ಮಾಡುವವರು ನುಣುಪು ಮುಖದವರು ಎಂಬುದನ್ನೂ ಹೇಳಿಬಿಡೋಣ.

ಚರ್ಮವೈದ್ಯರು ಕುಳಿಗಳನ್ನು ಆಕಾರ ನೋಡಿ ವಿಂಗಡಿಸುತ್ತಾರೆ, ಚಿಕಿತ್ಸೆ ಆಕಾರಕ್ಕೆ ತಕ್ಕಂತೆ ಬದಲಾಗುತ್ತದೆ. ದಬ್ಬಳದಿಂದ ಚುಚ್ಚಿದಂತೆ ಬಾಯಿ ಕಿರಿದಾಗಿ ಆಳವಾಗಿರುವುದು ಒಂದು. ಇದಕ್ಕೆ ದಕ್ಷಿಣ ಕೊರಿಯಾದ ವೈದ್ಯರು 2002ರಲ್ಲಿ ಪ್ರಕಟಿಸಿದ ವಿಧಾನ ಈಗ ನಮ್ಮಲ್ಲೂ ಬಳಕೆಯಲ್ಲಿದೆ. ಟ್ರೈಕ್ಲೋರೋ ಅಸಿಟಿಕ್ ಎಂಬ ಆಮ್ಲವನ್ನು ಬಹಳ ಗಾಢವಾಗಿ ತೆಗೆದುಕೊಂಡು, ಮೊನಚು ಕಡ್ಡಿಯ ತುದಿಯಿಂದ ಕುಳಿಯ ಒಳಗೆ ಮಾತ್ರ ಮುಟ್ಟಿಸುತ್ತಾರೆ. ಕುಳಿಯ ಗೋಡೆ ಸುಟ್ಟು, ಮಾಯುವಾಗ ಹೊಸ ನಾರು ಬೆಳೆದು ತಳ ಮೇಲೇರುತ್ತದೆ. ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕು. ಬೇಕಾಗುವುದು ಒಂದು ಬಾಟಲಿ ಮತ್ತು ನುರಿತ ಕೈ. ಹತ್ತಿರದಲ್ಲಿ ಚೆಲ್ಲಿದರೆ ಹೊಸ ಗಾಯವೇ ಆಗುವುದರಿಂದ ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ.

ಇನ್ನೊಂದು ಬಗೆ ಅಗಲವಾದ ತಗ್ಗು. ಕೌದಿಯ ಮೇಲೆ ಹೊಲಿಗೆ ಬಿದ್ದ ಕಡೆಯೆಲ್ಲ ಬಟ್ಟೆ ಒಳಕ್ಕೆ ಎಳೆದುಕೊಂಡು ಉಳಿದದ್ದು ಉಬ್ಬಿರುತ್ತದಲ್ಲ, ಹಾಗೆ. ಇಲ್ಲಿಯೂ ಚರ್ಮವನ್ನು ಕೆಳಗಿನಿಂದ ನಾರಿನ ಎಳೆಗಳು ಹಿಡಿದೆಳೆದಿರುತ್ತವೆ. ಮೇಲೆ ಎಷ್ಟು ಕ್ರೀಮು ಸವರಿದರೂ ಕೆಳಗಿನ ಹೊಲಿಗೆ ಬಿಚ್ಚುವುದುಂಟೆ? ಅದನ್ನು ಬಿಚ್ಚುವ ವಿಧಾನದ ಹೆಸರು ಸಬ್‌ಸಿಷನ್. ಮರಗಟ್ಟಿಸುವ ಮದ್ದು ಕೊಟ್ಟು, ಸೂಜಿಯೊಂದನ್ನು ಚರ್ಮದ ಕೆಳಗೆ ತೂರಿಸಿ ಆ ಎಳೆಗಳನ್ನು ಕತ್ತರಿಸುತ್ತಾರೆ. ಅಮೆರಿಕದ ಓರೆಂಟ್ರೈಕ್ ಎಂಬ ಇಬ್ಬರು ವೈದ್ಯರು 1995ರಲ್ಲಿ ಇದನ್ನು ವಿವರಿಸಿದರು. ಒಂದೆರಡು ವಾರ ಮುಖದ ಮೇಲೆ ನೀಲಿಗಟ್ಟಿದ ಬಾವು ಇರುತ್ತದೆ. ಇದಕ್ಕೂ ದುಬಾರಿ ಯಂತ್ರ ಬೇಡ.

ಪೆಟ್ಟಿಗೆಯಂತೆ ಅಂಚು ಕಡಿದಾಗಿರುವ ಕುಳಿಗಳೂ ಇವೆ, ಬೆರಕೆಯೇ ಹೆಚ್ಚು. ಇವಕ್ಕೆ ಸಣ್ಣ ಸೂಜಿಗಳಿಂದ ಚುಚ್ಚಿ ಚರ್ಮವನ್ನು ತಾನೇ ರಿಪೇರಿ ಮಾಡಿಕೊಳ್ಳುವಂತೆ ಪ್ರಚೋದಿಸುವ ವಿಧಾನವುಂಟು. 2009ರಲ್ಲಿ ಶ್ರೀನಗರದ ಚರ್ಮವೈದ್ಯ ಇಮ್ರಾನ್ ಮಜೀದ್ ಇದರ ಫಲಿತಾಂಶಗಳನ್ನು ಅಂಕ ಹಾಕಿ ಅಳೆದು ಪ್ರಕಟಿಸಿದ್ದರು; ಬಹಳ ಜನರಲ್ಲಿ ಕುಳಿಗಳ ತೀವ್ರತೆ ಇಳಿದಿತ್ತು, ಬಣ್ಣ ಕೆಡುವ ತೊಂದರೆ ಕಡಿಮೆಯಿತ್ತು. ನಮ್ಮ ಚರ್ಮಕ್ಕೆ ಈ ಎರಡನೆಯ ಮಾತು ಬಹಳ ಮುಖ್ಯ. ಫಲಕಗಳ ಮೇಲೆ ದೊಡ್ಡದಾಗಿ ಕಾಣುವ ಲೇಸರ್ ಒಳ್ಳೆಯ ಸಾಧನವೇ. 2004ರ ನಂತರ ಬಂದ, ಚರ್ಮವನ್ನು ಪೂರ್ತಿ ಸುಡದೆ ಚುಕ್ಕಿಚುಕ್ಕಿಯಾಗಿ ಸುಡುವ ಲೇಸರ್ ಹಿಂದಿನದಕ್ಕಿಂತ ಸುರಕ್ಷಿತ. ಆದರೆ ಕಂದು ಚರ್ಮದಲ್ಲಿ ಸುಟ್ಟ ಜಾಗ ಕಪ್ಪಾಗುವ ಸಂಭವ ಹೆಚ್ಚು. ಕುಳಿ ತೆಗೆಯಲು ಹೋಗಿ ಕಲೆ ತಂದುಕೊಂಡಂತೆ. ಶಾಖವನ್ನು ಹದವಾಗಿ ಇಟ್ಟು, ಮುಂಚೆಯೂ ಆಮೇಲೂ ಬಿಸಿಲು ತಪ್ಪಿಸುವ ವೈದ್ಯರ ಕೈಯಲ್ಲಿ ಮಾತ್ರ ಅದು ಒಳ್ಳೆಯದು. ಒಂದು ಸಲಕ್ಕೇ ಸಾವಿರಗಳ ಲೆಕ್ಕ, ಹಲವು ಸಲ ಬೇಕು.

ಇಷ್ಟೆಲ್ಲ ಮಾಡಿದರೂ ಪ್ರಾಮಾಣಿಕ ವೈದ್ಯರು ಹೇಳುವ ಮಾತು 'ಕಡಿಮೆಯಾಗುತ್ತದೆ' ಎಂದು, 'ಹೋಗುತ್ತದೆ' ಎಂದಲ್ಲ. ಹೊಸ ನಾರು ಬೆಳೆಯಲು ಮೂರರಿಂದ ಆರು ತಿಂಗಳು ಬೇಕು. ಹೊಸ ಮೊಡವೆ ಏಳುತ್ತಿರುವಾಗ ಇವನ್ನು ಶುರುಮಾಡುವುದಿಲ್ಲ, ಮೊದಲು ಮೊಡವೆ ನಿಲ್ಲಬೇಕು. ಗಾಯ ಮಾದಲ್ಲೆಲ್ಲ ಮಾಂಸ ಗಂಟುಗಟ್ಟಿ ಬೆಳೆಯುವ ಮೈಯವರಿಗೆ ಚುಚ್ಚುವುದು ಸಲ್ಲದು. ಅವರ ಗಂಟುಗಳಿಗೆ ಚುಚ್ಚುಮದ್ದು, ಸಿಲಿಕೋನ್ ಪಟ್ಟಿಗಳಂಥ ಬೇರೆ ದಾರಿಗಳಿವೆ. ಇನ್ನು ಕುಳಿಯನ್ನು ತಡೆಯುವ ಅತಿ ಅಗ್ಗದ ಉಪಾಯ ಮೊಡವೆಯನ್ನೇ ಬೇಗ ಹತೋಟಿಗೆ ತರುವುದು. 'ಪ್ರಾಯದ ಗುಳ್ಳೆ, ಮದುವೆಯಾದರೆ ಹೋಗುತ್ತದೆ' ಎಂಬ ಮಾತು ಎಷ್ಟು ಮುಖಗಳಲ್ಲಿ ಕುಳಿ ತೋಡಿದೆಯೋ. ವಾರಪತ್ರಿಕೆಗಳ ಸೌಂದರ್ಯ ಸಲಹೆಯ ಅಂಕಣಗಳೂ ಇದರಲ್ಲಿ ಪಾಲುದಾರರೇ. ನಿಂಬೆರಸ, ಟೂತ್‌ಪೇಸ್ಟ್ ಹಚ್ಚಲು ಹೇಳುವವರು ಅದರಿಂದ ಚರ್ಮ ಉರಿದು ಕಪ್ಪಾಗುವುದನ್ನು ಹೇಳುವುದಿಲ್ಲ. ವೈದ್ಯರು ಬರೆದುಕೊಡುವ ಅಡಾಪಲೀನ್‌ನಂಥ ಲೇಪ ಹೊಸ ಕುಳಿಗಳನ್ನು ತಡೆಯುತ್ತದೆ. ಹಳೆಯವನ್ನು ಸ್ವಲ್ಪ ಮಟ್ಟಿಗೆ ತಿಳಿಗೊಳಿಸಲೂಬಹುದು, ಆದರೆ ಅದು ತಿಂಗಳುಗಟ್ಟಲೆಯ ಕೆಲಸ.

ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಸಂತೆಗೆ ಬಂದವರು ಮೆಡಿಕಲ್ ಶಾಪಿನ ಮುಂದೆ ನಿಂತು, 'ಅಣ್ಣಾ, ಮುಖದ ಕಲೆಗೆ ಆ ಟ್ಯೂಬ್ ಕೊಡಿ, ಹೋದ ಸಲ ಕೊಟ್ಟಿದ್ರಲ್ಲ ಅದೇ' ಎಂದು ಕೇಳುವುದನ್ನು ನಾವು ಅನೇಕ ಕಡೆ ಕಂಡಿದ್ದೇವೆ. ಆ ಟ್ಯೂಬಿನಲ್ಲಿ ಬಹುಪಾಲು ಇರುವುದು ಸ್ಟಿರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಇಲ್ಲವೇ ಮೊಮೆಟಾಸೋನ್ ಜೊತೆಗೆ ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್ ಬೆರೆಸಿದ್ದು. ಇವು ಔಷಧಗಳೇ, ಸರಿಯಾದ ರೋಗಕ್ಕೆ ಸರಿಯಾದ ದಿನಗಳ ಮಟ್ಟಿಗೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಮೊದಲ ಎರಡು ವಾರ ಪವಾಡ. ಬಣ್ಣ ತಿಳಿಯಾಗುತ್ತದೆ, ನೆಂಟರು ಹೊಗಳುತ್ತಾರೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ನರಗಳು ಕಾಣುತ್ತವೆ, ಕೂದಲು ಬೆಳೆಯುತ್ತದೆ, ಮೊಡವೆ ಗುಂಪುಗುಂಪಾಗಿ ಏಳುತ್ತದೆ. ನಿಲ್ಲಿಸಿದರೆ ಮುಖ ಕೆಂಡದಂತೆ ಉರಿಯುತ್ತದೆ, ಆದ್ದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ದನಿಯೆತ್ತಿದ ಮೇಲೆ 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಕಾನೂನಿದೆ, ಟ್ಯೂಬೂ ಸಿಗುತ್ತದೆ. ಅಂಗಡಿಯವನನ್ನೊಬ್ಬನನ್ನೇ ದೂರಿ ಫಲವಿಲ್ಲ. ಚರ್ಮವೈದ್ಯರನ್ನು ಕಾಣಬೇಕಾದರೆ ಹಾಲುರಾಮೇಶ್ವರದ ಸುತ್ತಿನ ಹಳ್ಳಿಯ ಹುಡುಗಿ ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಬಸ್ಸು ಬದಲಿಸಿ ಚಿತ್ರದುರ್ಗದವರೆಗೂ ಹೋಗಬೇಕಾಗಬಹುದು. ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇದೆ.

ಇಷ್ಟೊಂದು ಅವಸರ ಯಾಕೆ ಎಂದರೆ ಹೆಣ್ಣು ನೋಡಲು ಬರುವವರಿದ್ದಾರೆ. ಹಿಂದೂಗಳಲ್ಲಿ ಕಾಫಿ ತಟ್ಟೆ ಹಿಡಿದು ಬರುವ ಹೊತ್ತು, ನಮ್ಮಲ್ಲಿ ಗಂಡಿನ ತಾಯಿ, ಅಕ್ಕ, ಫೂಫಿಯರು ಬಂದು ಕೂರುವ ಹೊತ್ತು. ಬಂದವರು ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿಕೊಳ್ಳುತ್ತಾರೆ. ಪಕ್ಕದ ಬೆಳಕು ಏನು ಮಾಡುತ್ತದೆಂಬುದು ಜಾಹೀರಾತಿನವರಿಗಿಂತ ಮೊದಲೇ ಅವರಿಗೆ ಗೊತ್ತು. ಬುರ್ಖಾದೊಳಗಿನ ಮುಖಕ್ಕೆ ಕ್ರೀಮು ಯಾಕೆ ಎಂದು ಕುಚೋದ್ಯ ಮಾಡುವವರಿದ್ದಾರೆ. ಆ ಮುಖ ಹೊರಗಿನವರಿಗೆ ಕಾಣದಿರಬಹುದು, ಆದರೆ ಅದರ ಬೆಲೆ ಕಟ್ಟುವವರು ಹೊರಗಿನವರಲ್ಲವಲ್ಲ. ಇಲ್ಲಿ ಇನ್ನೊಂದು ಅಪಾಯವೂ ಇದೆ. ತೀವ್ರವಾದ ಮೊಡವೆಗೆ ವೈದ್ಯರು ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಪರಿಣಾಮಕಾರಿ. ಆದರೆ ಅದನ್ನು ನುಂಗುತ್ತಿರುವಾಗಲೂ ನಿಲ್ಲಿಸಿದ ಒಂದು ತಿಂಗಳವರೆಗೂ ಗರ್ಭ ಧರಿಸಕೂಡದು, ಧರಿಸಿದರೆ ಮಗುವಿಗೆ ಗಂಭೀರವಾದ ಅಂಗದೋಷಗಳಾಗುವ ಸಂಭವವಿದೆ. ಮದುವೆ ಗೊತ್ತಾದ ಮೇಲೆ ಯಾರದೋ ಹಳೆಯ ಚೀಟಿ ತೋರಿಸಿ ಇದನ್ನು ಕೊಂಡುಕೊಡುವ ತಾಯಂದಿರಿಗೆ ಈ ಮಾತನ್ನು ಹೇಳುವವರು ಯಾರು? ಕೇಳಬೇಕಾದವಳು ನಾಚಿಕೆಯಿಂದ ಕೇಳುವುದಿಲ್ಲ, ಹೇಳಬೇಕಾದವರು ಅವಿವಾಹಿತೆ ಎಂದು ಹೇಳುವುದಿಲ್ಲ.

ಗಂಡಿನ ಮುಖಕ್ಕೆ ಈ ಪರೀಕ್ಷೆಯಿಲ್ಲ. ಸಿಡುಬಿನ ಕುಳಿಗಳಿದ್ದ ಓಂ ಪುರಿ ಆ ಮುಖವನ್ನಿಟ್ಟುಕೊಂಡೇ ಭಾರತದ ದೊಡ್ಡ ನಟರಾದರು. 1999ರ 'ಎ.ಕೆ. 47' ಮೂಲಕ ಕನ್ನಡಕ್ಕೂ ಬಂದರು. ಆ ಮುಖದಲ್ಲಿ ಬದುಕಿನ ಆಳ ಕಾಣುತ್ತದೆ ಎಂದು ವಿಮರ್ಶಕರು ಬರೆದರು, ಸರಿಯಾಗಿಯೇ ಬರೆದರು. ಅಂಥದೇ ಮುಖದ ನಾಯಕಿಯೊಬ್ಬಳನ್ನು ನಮ್ಮ ಚಿತ್ರರಂಗದಲ್ಲಿ ಹುಡುಕಿ ನೋಡಿ. ನೀಲಗಿರಿಯ ಬಡಗ ಮನೆಮಾತಿನ ಸಾಯಿ ಪಲ್ಲವಿ 2015ರ ಮಲಯಾಳಂ ಚಿತ್ರ 'ಪ್ರೇಮಂ'ನಲ್ಲಿ ಮೊಡವೆಗಳನ್ನು ಮುಚ್ಚಿಕೊಳ್ಳದೆ ಕಾಣಿಸಿಕೊಂಡಾಗ ಕಾಲೇಜು ಹುಡುಗಿಯರಿಗಾದ ಸಂತೋಷ ಸಣ್ಣದಲ್ಲ. ಮುಂದೆ ಆಕೆ ಬಿಳುಪಿನ ಕ್ರೀಮಿನ ಜಾಹೀರಾತನ್ನೂ ನಿರಾಕರಿಸಿದರು. ನಮಗೆ ಮೆಚ್ಚುಗೆಯಿದೆ. ಆದರೂ ಅದು ಕೆಂಪು ಮೊಡವೆಯ ಕೆನ್ನೆ, ಇವತ್ತಿದ್ದು ನಾಳೆ ಹೋಗುವಂಥದ್ದು. ಕುಳಿಯ ಕೆನ್ನೆ ಇನ್ನೂ ಪರದೆಗೆ ಬಂದಿಲ್ಲ. ಕನ್ನಡದಲ್ಲಿ ಕೆನ್ನೆಯ ಗುಳಿ ಚೆಲುವಿನ ಗುರುತು, ಕುಳಿ ಮಾತ್ರ ಕೊರತೆ.

ಸಬ್‌ಸಿಷನ್ನಿನ ಸೂಜಿಯಾಗಲಿ, ಆಮ್ಲದ ಬಾಟಲಿಯಾಗಲಿ ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಭಾರವಾಗುವ ವಸ್ತುಗಳಲ್ಲ. ಚಿತ್ರದುರ್ಗದಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಆದರೆ ವಿಮಾ ಯೋಜನೆಗಳ ಕಣ್ಣಿನಲ್ಲಿ ಇದು ಸೌಂದರ್ಯದ ಚಿಕಿತ್ಸೆ, ಪಟ್ಟಿಯಿಂದ ಹೊರಗೆ. ಮುಖದ ಕುಳಿಯ ಕಾರಣಕ್ಕೆ ಮೂರು ಸಂಬಂಧ ತಪ್ಪಿದ ಹುಡುಗಿಗೆ ಅದು ಸೌಂದರ್ಯದ ಪ್ರಶ್ನೆಯೋ ಬದುಕಿನ ಪ್ರಶ್ನೆಯೋ ಎಂದು ಪಟ್ಟಿ ಮಾಡುವವರು ಯೋಚಿಸಿದಂತಿಲ್ಲ. ಹೀಗಾಗಿ ಅಗ್ಗದ ಚಿಕಿತ್ಸೆ ಅಗ್ಗವಾಗಿ ಸಿಗಬೇಕಾದ ಕಡೆ ಸಿಗುವುದಿಲ್ಲ. ಖಾಸಗಿ ಕ್ಲಿನಿಕ್ಕಿನ ಫಲಕದಲ್ಲಿ ದುಬಾರಿ ಲೇಸರ್ ಒಂದೇ ಕಾಣುತ್ತದೆ, ಸಂತೆಯಲ್ಲಿ ಪೊಟ್ಟಣ. ವೈದ್ಯರ ಬಳಿ ಹೋಗಲು ಸಾಧ್ಯವಾದವರು ಮೊದಲು ಕೇಳಬೇಕಾದದ್ದು 'ಎಷ್ಟು ದಿನಕ್ಕೆ ಹೋಗುತ್ತದೆ' ಎಂದಲ್ಲ. ನನ್ನ ಮುಖದಲ್ಲಿರುವುದು ಕಲೆಯೋ ಕುಳಿಯೋ, ಕುಳಿಯಾದರೆ ಯಾವ ಬಗೆಯದು, ಇದಕ್ಕೆ ಯಂತ್ರ ಬೇಕೋ ಸೂಜಿ ಸಾಕೋ ಎಂದು ಕೇಳಬೇಕು. ಬೆರಳಿಟ್ಟು ಸವರಿ ನೋಡುವ ಮೊದಲ ಪರೀಕ್ಷೆಯನ್ನಂತೂ ಮನೆಯಲ್ಲೇ ಮಾಡಿಕೊಳ್ಳಬಹುದು, ಅದಕ್ಕೆ ಖರ್ಚಿಲ್ಲ.